ಪ್ಯಾಕೇಜ್ ಯಾರಿಗೆ, ರೈಲು ಯಾರಿಗೆ: 2020ರ ಮೇ ತಿಂಗಳ ಒಂದು ಪ್ರಕರಣ

2020ರ ಮೇ 5, ಮಂಗಳವಾರ. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಿಲ್ಡರ್‌ಗಳ ಸಂಘವಾದ ಕ್ರೆಡಾಯ್ ಪ್ರತಿನಿಧಿಗಳ ಜೊತೆ ಸಭೆ ಮಾಡಿದರು. ಅದೇ ದಿನ ರಾಜ್ಯ ಸರ್ಕಾರದಿಂದ ನೈಋತ್ಯ ರೈಲ್ವೆಗೆ ಒಂದು ಪತ್ರ ಹೋಯಿತು. ವಲಸೆ ಕಾರ್ಮಿಕರನ್ನು ಊರಿಗೆ ಕಳಿಸಲು ಕೇಳಿದ್ದ ರೈಲುಗಳು ನಾಳೆಯಿಂದ ಬೇಡ, ಆ ಕೋರಿಕೆಯನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇವೆ ಅನ್ನುವುದು ಅದರ ಸಾರ.

ಮರುದಿನ, ಮೇ 6. ಅದೇ ಮುಖ್ಯಮಂತ್ರಿ 1,610 ಕೋಟಿ ರೂಪಾಯಿಯ ಪರಿಹಾರ ಪ್ಯಾಕೇಜ್ ಘೋಷಿಸಿದರು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಹೂವು ಬೆಳೆದವರಿಗೆ, ನೇಕಾರರಿಗೆ, ಕಟ್ಟಡ ಕಾರ್ಮಿಕರಿಗೆ ಬೇರೆ ಬೇರೆ ಲೆಕ್ಕ.

ಮೇ 7ರಂದು ಸರ್ಕಾರ ರೈಲಿನ ವಿಷಯದಲ್ಲಿ ಯು-ಟರ್ನ್ ಹೊಡೆಯಿತು. ಬೇರೆ ರಾಜ್ಯಗಳಿಗೆ ಪತ್ರ ಬರೆದು, 8ರಿಂದ ಮತ್ತೆ ರೈಲು ಬಿಡಲು ಹೊರಟಿತು.

ಕರ್ನಾಟಕದ ಕೋವಿಡ್ ರಾಜಕೀಯ ಅರ್ಥವಾಗಬೇಕಾದರೆ ಈ ಮೂರು ದಿನ ಸಾಕು ಅನ್ನುವುದು ನನ್ನ ಅಭಿಪ್ರಾಯ. ಒಂದೇ ಸರ್ಕಾರ, ಒಂದೇ ವಾರ. ಒಂದು ಗುಂಪಿನ ಬಡವರಿಗೆ ಕೈ ನೀಡಿತು, ಇನ್ನೊಂದು ಗುಂಪಿನ ಬಡವರಿಗೆ ಬಾಗಿಲು ಹಾಕಿತು. ಇದನ್ನು ಕರುಣೆ ಅಥವಾ ಕ್ರೌರ್ಯ ಅಂತ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಯಾರ ಹೆಸರು ಸರ್ಕಾರದ ಯಾವ ಪಟ್ಟಿಯಲ್ಲಿತ್ತು, ಯಾರ ವೋಟು ಎಲ್ಲಿತ್ತು ಅಂತ ಕೇಳಿದರೆ ಉಳಿದರ್ಧ ಸಿಗುತ್ತದೆ.

ಅಲ್ಲಿಯವರೆಗೆ ನಡೆದದ್ದು

ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ, ಮಾರ್ಚ್ 10ರಂದು ಆಯಿತು. ಮಾರ್ಚ್ 14ರಿಂದ ರಾಜ್ಯದಲ್ಲಿ ಮಾಲು, ಸಿನಿಮಾ ಮಂದಿರ ಮುಚ್ಚಿದವು. ಮಾರ್ಚ್ 24ರ ರಾತ್ರಿ ಪ್ರಧಾನಿ 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಲಾಕ್‌ಡೌನಿನ ಮೊದಲ ದಿನವೇ ಯುಗಾದಿ. ಹೂವಿನ ವ್ಯಾಪಾರಕ್ಕೆ ವರ್ಷದ ದೊಡ್ಡ ದಿನಗಳಲ್ಲಿ ಅದೂ ಒಂದು. ಆಮೇಲೆ ಜಾತ್ರೆ ಇಲ್ಲ, ಮದುವೆ ಇಲ್ಲ, ದೇವಸ್ಥಾನದ ಬಾಗಿಲು ಹಾಕಿತ್ತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸೇವಂತಿಗೆ ಬೆಳೆದವರು ಕೊಯ್ದರೆ ಕೂಲಿಯೂ ಹುಟ್ಟಲ್ಲ ಅಂತ ಗಿಡದಲ್ಲೇ ಬಿಟ್ಟರು. ಕೆಲವರು ಟ್ರ್ಯಾಕ್ಟರ್ ಹೊಡೆಸಿದರು.

ಮಾರ್ಚ್ 26ಕ್ಕೆ ಕೇಂದ್ರದ 1.70 ಲಕ್ಷ ಕೋಟಿ ರೂಪಾಯಿಯ ಗರೀಬ್ ಕಲ್ಯಾಣ್ ಪ್ಯಾಕೇಜ್ ಬಂತು. ಜನಧನ್ ಖಾತೆ ಇರುವ ಹೆಂಗಸರಿಗೆ ಮೂರು ತಿಂಗಳು 500 ರೂಪಾಯಿ, ರೇಷನ್ ಕಾರ್ಡಿದ್ದವರಿಗೆ ತಲಾ 5 ಕೆಜಿ ಧಾನ್ಯ. ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಯನ್ನು ಬಳಸಿಕೊಳ್ಳಿ ಅಂತ ರಾಜ್ಯಗಳಿಗೆ ಒಂದು ಸೂಚನೆ. ರಾಜ್ಯ ಸರ್ಕಾರ ಎರಡು ತಿಂಗಳ ರೇಷನ್ನನ್ನು ಒಟ್ಟಿಗೇ ಕೊಟ್ಟಿತು. ಹೋಟೆಲು ಮುಚ್ಚಿ ಮಿಕ್ಕುತ್ತಿದ್ದ ಹಾಲನ್ನು ಹಾಲು ಒಕ್ಕೂಟದಿಂದ ಕೊಂಡು ಕೊಳೆಗೇರಿಗಳಲ್ಲಿ ಹಂಚಿತು. ಇದು ಒಳ್ಳೆ ಕೆಲಸ. ಹಾಲು ಹಾಕುವ ರೈತನೂ ಉಳಿದ, ಮಕ್ಕಳಿಗೂ ಹಾಲು ಸಿಕ್ಕಿತು. ಶಾಸಕರ, ಸಚಿವರ ಸಂಬಳಕ್ಕೆ ಒಂದು ವರ್ಷ ಶೇ. 30ರಷ್ಟು ಕತ್ತರಿಯೂ ಬಿತ್ತು. ಅದರಿಂದ ಉಳಿಯುವುದು ಬೊಕ್ಕಸಕ್ಕೆ ಲೆಕ್ಕಕ್ಕೇ ಬರದಷ್ಟು. ಆದರೂ ನೋಡುವವರ ಕಣ್ಣಿಗೆ ಅದು ಬೇಕಿತ್ತು.

ಬೊಕ್ಕಸದ ಕಥೆ ಬೇರೆ. ಮಾರ್ಚ್ 5ಕ್ಕೆ ಮಂಡಿಸಿದ್ದ ಬಜೆಟ್‌ನ ಗಾತ್ರ 2,37,893 ಕೋಟಿ ರೂಪಾಯಿ. ಮೂರೇ ವಾರದಲ್ಲಿ ಆ ಲೆಕ್ಕವೆಲ್ಲ ತಲೆಕೆಳಗಾಯಿತು. ಅಂಗಡಿ ಮುಚ್ಚಿದ ಮೇಲೆ ಜಿಎಸ್‌ಟಿ ಎಲ್ಲಿಂದ ಬರಬೇಕು? ನೋಂದಣಿ ಕಚೇರಿ ಖಾಲಿ, ಪೆಟ್ರೋಲ್ ಬಂಕ್ ಖಾಲಿ, ಹೆಂಡದಂಗಡಿಗೆ ಬೀಗ. ರಾಜ್ಯದ ಸ್ವಂತ ವರಮಾನದ ದೊಡ್ಡ ಬಾಯಿಗಳು ಇವೇ.

ಅದಕ್ಕೇ ಮೇ 4ರಂದು ಮದ್ಯದಂಗಡಿ ತೆರೆದಾಗ ಜನರಷ್ಟೇ ಸರ್ಕಾರಕ್ಕೂ ಉಸಿರು ಬಂತು. ಮೊದಲ ದಿನದ ಮಾರಾಟ 45 ಕೋಟಿ ರೂಪಾಯಿ. ಎರಡನೇ ದಿನ 197 ಕೋಟಿ. ಬೆಳಗ್ಗೆ ಆರಕ್ಕೇ ಕ್ಯೂ ನಿಂತಿದ್ದ ಫೋಟೋಗಳು ಎಲ್ಲರಿಗೂ ನೆನಪಿರಬೇಕು. ಮೇ 6ರ ಪ್ಯಾಕೇಜ್ ಜೊತೆಗೇ ಅಬಕಾರಿ ಸುಂಕವನ್ನು ಶೇ. 11ರಷ್ಟು ಏರಿಸುವುದಾಗಿಯೂ ಹೇಳಿದರು. ಬಜೆಟ್‌ನಲ್ಲಿ ಹೇಳಿದ್ದ ಶೇ. 6 ಅದಕ್ಕೆ ಹೊರತು. ಅಂದರೆ ಒಂದು ಕೈಯಲ್ಲಿ ಕೊಟ್ಟದ್ದರಲ್ಲಿ ಒಂದಿಷ್ಟನ್ನು ಇನ್ನೊಂದು ಕೈಯಲ್ಲಿ ವಸೂಲಿ ಮಾಡುವ ಏರ್ಪಾಡು ಅದೇ ದಿನ ಆಗಿತ್ತು. ಎಷ್ಟೋ ಸಲ ಅದೇ ಮನೆಯಿಂದ.

ಪ್ಯಾಕೇಜ್ ಒಳಗೆ ಏನಿತ್ತು

2,30,000 ಕ್ಷೌರಿಕರು, 60,000 ಅಗಸರು. ತಲಾ 5,000ದಂತೆ ಗುಣಿಸಿದರೆ 145 ಕೋಟಿ. 7,75,000 ಆಟೋ, ಟ್ಯಾಕ್ಸಿ ಚಾಲಕರು. ಅದು 387.5 ಕೋಟಿ. ಎರಡೂ ಸೇರಿದರೆ 532.5 ಕೋಟಿ, ಪ್ಯಾಕೇಜ್‌ನ ಮೂರನೇ ಒಂದು ಭಾಗ. ಇಡೀ ಪ್ಯಾಕೇಜ್ ಬಜೆಟ್‌ನ ಶೇ. 1ಕ್ಕೂ ಕಡಿಮೆ. ಕ್ಷೌರಿಕರಿಗೂ ಅಗಸರಿಗೂ ಸೇರಿಸಿ ಕೊಟ್ಟ ಮೊತ್ತ, ಅದರ ಹಿಂದಿನ ದಿನ ರಾಜ್ಯ ಕುಡಿದದ್ದಕ್ಕಿಂತ ಕಮ್ಮಿ. ಹೋಲಿಕೆ ಸ್ವಲ್ಪ ಒರಟಾಯಿತು, ಆದರೆ ಅಂಕಿ ಸುಳ್ಳಲ್ಲ.

ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿ, ಜಾಸ್ತಿ ಅಂದರೆ ಒಂದು ಹೆಕ್ಟೇರಿಗೆ ಮಾತ್ರ. ಎಕರೆ ಲೆಕ್ಕದಲ್ಲಿ 10,000ದ ಹತ್ತಿರ. ಸಸಿ, ಗೊಬ್ಬರ, ಔಷಧಿ, ಕೊಯ್ಲಿನ ಕೂಲಿ ಅಂತ ಹಾಕಿದ ದುಡ್ಡಿನ ಮುಂದೆ ಇದು ಎಲ್ಲಿಗೂ ಸಾಲದು. ಮೊನ್ನೆಯವರೆಗೆ ಏನೂ ಇರಲಿಲ್ಲ ಅನ್ನುವುದೂ ನಿಜ.

ಕೈಮಗ್ಗದ ನೇಕಾರರಿಗೆ ‘ನೇಕಾರ ಸಮ್ಮಾನ್’ ಅಂತ ಹೊಸ ಯೋಜನೆ. ವರ್ಷಕ್ಕೆ 2,000 ರೂಪಾಯಿ ನೇರ ಖಾತೆಗೆ, ಸುಮಾರು 54,000 ಮಂದಿಗೆ. ನೇಕಾರರ ಸಾಲ ಮನ್ನಾದಲ್ಲಿ ಬಾಕಿ ಇದ್ದ 80 ಕೋಟಿ ಬಿಡುಗಡೆ. ಪವರ್‌ಲೂಮ್‌ನವರು ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ಅವರಿಗೂ 2,000 ಅಂತ ಆಮೇಲೆ ಸೇರಿಸಿದರು. ದೊಡ್ಡಬಳ್ಳಾಪುರದಲ್ಲೋ ರಬಕವಿ-ಬನಹಟ್ಟಿಯಲ್ಲೋ ಒಂದು ಸುತ್ತು ಹಾಕಿದ್ದರೆ ಸಾಕಿತ್ತು, ನೇಯ್ಗೆ ಅಂದರೆ ಈಗ ಬಹುಪಾಲು ಯಾವ ಮಗ್ಗ ಅನ್ನುವುದು ಕಿವಿಗೇ ಗೊತ್ತಾಗುತ್ತಿತ್ತು.

ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ. ದೊಡ್ಡವರಿಗೆ ಎರಡು ತಿಂಗಳು ಮುಂದಕ್ಕೆ. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೆಲಸ ಸುಲಭ, ಮೀಟರ್ ಇದ್ದವರಿಗೆಲ್ಲ ತಾನಾಗಿಯೇ ತಲುಪುತ್ತದೆ. ಅರ್ಜಿ ಹಾಕುವ ಕೆಲಸ ಇಲ್ಲ.

ಕಟ್ಟಡ ಕಾರ್ಮಿಕರ ಲೆಕ್ಕ ಬೇರೆ. ನೋಂದಾಯಿತರು 15.80 ಲಕ್ಷ. ಅವರಲ್ಲಿ 11.80 ಲಕ್ಷ ಮಂದಿಗೆ ಆಗಲೇ 2,000 ಹೋಗಿತ್ತು. ಬಾಕಿ 4 ಲಕ್ಷ ಜನಕ್ಕೂ ಅದನ್ನು ಕೊಟ್ಟು, ಎಲ್ಲರಿಗೂ ಇನ್ನೂ 3,000 ಅಂದರು. ಭಾಷಣದಲ್ಲಿ ಇದು ಸರ್ಕಾರ ಕೊಟ್ಟ ಹಾಗೆ ಕೇಳಿಸುತ್ತದೆ. ಅಸಲಿಗೆ ಇದು ಕಾರ್ಮಿಕರದ್ದೇ ದುಡ್ಡು. ಆಗ ಜಾರಿಯಲ್ಲಿದ್ದ 1996ರ ಕಾಯ್ದೆ ಪ್ರಕಾರ ಕಟ್ಟಡದ ವೆಚ್ಚದಲ್ಲಿ ಶೇ. 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಬರುತ್ತಿತ್ತು. ವರ್ಷಗಟ್ಟಲೆ ಕೂಡಿಟ್ಟ ಸಾವಿರಾರು ಕೋಟಿ ಅಲ್ಲಿ ಕೂತಿತ್ತು. ಮಂಡಳಿಯ ನೋಂದಣಿ ಕಾರ್ಡ್ ಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಡಬೇಕಿತ್ತು. ಬಿಹಾರದಿಂದ ಬಂದು ಮೂರು ತಿಂಗಳು ವೈಟ್‌ಫೀಲ್ಡ್‌ನಲ್ಲಿ, ನಾಲ್ಕು ತಿಂಗಳು ಹೆಬ್ಬಾಳದಲ್ಲಿ ಮೇಸ್ತ್ರಿ ಹೇಳಿದ ಕಡೆ ಹೋಗುವವನಿಗೆ ಆ ದಾಖಲೆ ಯಾರು ಕೊಡುತ್ತಾರೆ? ಮಹಡಿ ಮೇಲೆ ಮಹಡಿ ಎಬ್ಬಿಸಿದವನ ದುಡಿಮೆಯಿಂದ ಸೆಸ್ ಬರುತ್ತದೆ, ಕಾರ್ಡ್ ಬರುವುದಿಲ್ಲ.

ಇನ್ನೂ ಒಂದು ಮಾತು. ಈ ಪಟ್ಟಿಯಲ್ಲಿರುವ ಕಸುಬುಗಳನ್ನು ನೋಡಿ. ಕ್ಷೌರಿಕರ ಹಿಂದೆ ಸವಿತಾ ಸಮಾಜ ಇದೆ, ಅಗಸರ ಹಿಂದೆ ಮಡಿವಾಳ ಸಮಾಜ ಇದೆ, ನೇಕಾರ ಸಮುದಾಯಗಳಿಗೆ ಸಂಘಗಳಿವೆ. ಆಟೋ ಚಾಲಕರಿಗೆ ಯೂನಿಯನ್‌ಗಳಿವೆ. ವಿಧಾನಸೌಧದಲ್ಲಿ ಮನವಿ ಪತ್ರ ಕೊಟ್ಟು ಫೋಟೋ ತೆಗೆಸಿಕೊಳ್ಳಲು ಒಬ್ಬ ಅಧ್ಯಕ್ಷರಾದರೂ ಇರುತ್ತಾರೆ. ಕಾಂಗ್ರೆಸ್ ಕೂಡ ಆ ವಾರಗಳಲ್ಲಿ ಇದೇ ಕುಲಕಸುಬಿನ ಸಮುದಾಯಗಳ ಮಾತೆತ್ತಿ, ತಲಾ 10,000 ಕೊಡಿ ಅಂತ ಒತ್ತಾಯಿಸುತ್ತಿತ್ತು. ಸರ್ಕಾರ ಅದರ ಅರ್ಧ ಕೊಟ್ಟಿತು. ಇದರಲ್ಲಿ ತಪ್ಪೇನೂ ಇಲ್ಲ, ಪ್ರಜಾಪ್ರಭುತ್ವ ಅಂದರೆ ಕೂಗಿದವರಿಗೆ ಕಿವಿ ಕೊಡುವುದೂ ಹೌದು. ಆದರೆ ಟೈಲರ್? ಮನೆಕೆಲಸದವರು? ಮದುವೆಗೆ ಅಡುಗೆ ಮಾಡುವವರು, ಶಾಮಿಯಾನ ಹಾಕುವವರು, ವಾಲಗದವರು? ಪ್ಯಾಕೇಜ್ ಬಂದ ದಿನವೇ ‘ನಾವೇನು ಮಾಡಿದ್ವಿ?’ ಅನ್ನುವ ದನಿ ಶುರುವಾಯಿತು. ಮೇ ಮಧ್ಯದಲ್ಲಿ ಮುಸುಕಿನ ಜೋಳ ಬೆಳೆದ 10 ಲಕ್ಷ ರೈತರಿಗೆ ತಲಾ 5,000, ಆಶಾ ಕಾರ್ಯಕರ್ತೆಯರಿಗೆ 3,000 ಅಂತ ಮತ್ತಷ್ಟು ಘೋಷಣೆ ಬಂದವು. ಒಂದು ಗುಂಪಿಗೆ ಕೊಟ್ಟರೆ ಪಕ್ಕದ ಗುಂಪು ಎದ್ದು ನಿಲ್ಲುತ್ತದೆ. ಕಸುಬು ಹಿಡಿದು ಕೊಡಲು ಹೊರಟರೆ ಎಲ್ಲಿ ನಿಲ್ಲಿಸಬೇಕು ಅಂತಲೇ ಗೊತ್ತಾಗುವುದಿಲ್ಲ.

ಸೈಬರ್ ಸೆಂಟರ್‌ನಲ್ಲಿ

ಘೋಷಣೆ ವಿಧಾನಸೌಧದಲ್ಲಿ ಆಯಿತು. ದುಡ್ಡು ಬರಬೇಕಾದರೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ಡ್ರೈವಿಂಗ್ ಲೈಸೆನ್ಸ್, ಗಾಡಿ ನಂಬರ್. ಖಾತೆಗೆ ಆಧಾರ್ ಲಿಂಕ್ ಆಗಿರಬೇಕು. ಕ್ಷೌರಿಕರು, ಅಗಸರು ತಾವು ಆ ಕಸುಬಿನವರೇ ಅಂತ ಸ್ಥಳೀಯ ಅಧಿಕಾರಿಯಿಂದ ಪ್ರಮಾಣ ಪತ್ರ ತರಬೇಕು. ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದವನಿಗೂ ‘ಈತ ಕ್ಷೌರಿಕ’ ಅಂತ ಒಂದು ಸೀಲ್ ಬೇಕು.

ಆ ದಿನಗಳಲ್ಲಿ ನಮ್ಮ ಬಡಾವಣೆಯ ಸೈಬರ್ ಸೆಂಟರ್‌ನವರು ಶಟರ್ ಅರ್ಧ ಎಳೆದುಕೊಂಡು ಕೆಲಸ ಮಾಡುತ್ತಿದ್ದರು. ಒಂದು ಸಂಜೆ ಪ್ರಿಂಟ್ ತೆಗೆಸಲು ಹೋಗಿದ್ದೆ. ನಮ್ಮ ಸ್ಟ್ಯಾಂಡ್‌ನ ಆಟೋ ಚಾಲಕರೊಬ್ಬರು ಅಲ್ಲೇ ನಿಂತಿದ್ದರು. ಐವತ್ತರ ಆಸುಪಾಸು, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡಿದ್ದರು.

“ಏನಣ್ಣ, ಹಾಕಿದ್ರಾ ಅರ್ಜಿ?”

“ಎಲ್ಲಿ ಸಾರ್, ಗಾಡಿ ನಂದಲ್ವಲ್ಲ. ಬಾಡಿಗೆಗೆ ಓಡಿಸೋದು. ಓನರ್‌ನ ಆರ್‌ಸಿ ಕೇಳಿದ್ರೆ ನಾಳೆ ಅಂತಾರೆ, ನಾಡಿದ್ದು ಅಂತಾರೆ.”

“ಯಾಕಂತೆ?”

“ಅವ್ರೇ ಹಾಕ್ಕೊಂಡಿರ್ಬೇಕು ಸಾರ್, ಅದೇ ನಂಬರ್ ಮೇಲೆ. ಕೇಳಕ್ಕಾಗುತ್ತಾ? ನಾಳೆ ಲಾಕ್‌ಡೌನ್ ತೆಗೆದ್ರೆ ಗಾಡಿ ಅವ್ರೇ ಕೊಡಬೇಕಲ್ಲ.”

ಅಂಗಡಿಯವನು ಸ್ಕ್ರೀನ್ ನೋಡುತ್ತಲೇ, “ಇಂಥವು ದಿನಕ್ಕೆ ಹತ್ತು ಬರ್ತಾವೆ ಸಾರ್” ಅಂದ.

ಇಲ್ಲಿ ಯಾರನ್ನು ಬೈಯಬೇಕು ಹೇಳಿ. ಪೋರ್ಟಲ್ ಮಾಡಿದವರು ಗಾಡಿ ನಂಬರ್ ಕೇಳಿದ್ದು ಸರಿಯೇ, ಇಲ್ಲದಿದ್ದರೆ ಸುಮ್ನೆ ಯಾರು ಬೇಕಾದರೂ ಅರ್ಜಿ ಹಾಕುತ್ತಿದ್ದರು. ಆದರೆ ಗಾಡಿ ಹಿಡಿದು ಹುಡುಕಿದರೆ ಮೊದಲು ಸಿಗುವುದು ಓನರ್. ದಿನದ ಬಾಡಿಗೆ ಕಟ್ಟಿ ಮಿಕ್ಕಿದ್ದರಲ್ಲಿ ಬದುಕುವ ಚಾಲಕ ಸಿಗುವುದು ಕಷ್ಟ. ಹೊಲಕ್ಕೂ ಇದೇ ಗೋಳು. ಪಹಣಿ ಅಪ್ಪನ ಹೆಸರಲ್ಲಿ, ಇಲ್ಲವೇ ತೀರಿಹೋದ ಅಜ್ಜನ ಹೆಸರಲ್ಲಿ. ಗುತ್ತಿಗೆಗೆ ಹೊಲ ಹಿಡಿದು ಬೆಳೆದವನಿಗೆ ನಷ್ಟ ಮಾತ್ರ ಅವನದು, ಪರಿಹಾರ ಪಹಣಿದಾರನದು.

ಬಸ್ಸು ಬೇಗ ಬಂತು, ರೈಲು ಯಾಕೆ ನಿಂತಿತು?

ಏಪ್ರಿಲ್ 29ಕ್ಕೆ ಕೇಂದ್ರ ಗೃಹ ಇಲಾಖೆ ವಲಸಿಗರ ಓಡಾಟಕ್ಕೆ ಅನುಮತಿ ಕೊಟ್ಟಿತು. ಮೇ 1ರಂದು ಮೊದಲ ಶ್ರಮಿಕ್ ರೈಲು ತೆಲಂಗಾಣದಿಂದ ಜಾರ್ಖಂಡ್‌ಗೆ ಹೊರಟಿತು. ಬೆಂಗಳೂರಿನಲ್ಲಿ ಎರಡು ಬಗೆಯ ಜನ ಊರಿಗೆ ಹೋಗಲು ಕಾಯುತ್ತಿದ್ದರು. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದಿಂದ ಗಾರೆ ಕೆಲಸಕ್ಕೆ ಬಂದವರು ಒಂದು ಕಡೆ. ಬಿಹಾರ, ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶದವರು ಇನ್ನೊಂದು ಕಡೆ. ಇಬ್ಬರದೂ ಅದೇ ತಗಡಿನ ಶೆಡ್ಡು, ಅದೇ ಮೇಸ್ತ್ರಿ, ಅದೇ ಬಾಕಿ ಕೂಲಿ.

ಮೊದಲ ಗುಂಪಿಗೆ ಏನಾಯಿತು ನೋಡಿ. ಕೆಎಸ್‌ಆರ್‌ಟಿಸಿ ಬಸ್ ಬಿಟ್ಟಿತು, ಆದರೆ ಬಸ್ ಖಾಲಿ ವಾಪಸ್ ಬರಬೇಕು ಅನ್ನುವ ಕಾರಣ ಕೊಟ್ಟು ಮಾಮೂಲಿಗಿಂತ ಎಷ್ಟೋ ಜಾಸ್ತಿ ದರ ಕೇಳಿತು. ಮೆಜೆಸ್ಟಿಕ್‌ನಲ್ಲಿ ಗಂಟುಮೂಟೆ, ಮಕ್ಕಳನ್ನು ಕಟ್ಟಿಕೊಂಡು ಕೂತವರ ಚಿತ್ರ ಟಿವಿಯಲ್ಲಿ ಬಂತು. ಗಲಾಟೆ ಆಯಿತು. ಮೇ 3ರಂದು ಡಿ.ಕೆ. ಶಿವಕುಮಾರ್ ಕೆಪಿಸಿಸಿ ಕಡೆಯಿಂದ 1 ಕೋಟಿ ರೂಪಾಯಿಯ ಚೆಕ್ ಹಿಡಿದುಕೊಂಡು ಬಂದರು, ಬಡವರನ್ನು ಉಚಿತವಾಗಿ ಕಳಿಸಿ ಅಂತ. ಇದಕ್ಕಿಂತ ಒಳ್ಳೆ ರಾಜಕೀಯ ಪಟ್ಟು ಆ ತಿಂಗಳು ಇನ್ನೊಂದಿರಲಿಲ್ಲ. ಅದೇ ದಿನ ಸರ್ಕಾರ ಬಸ್ ಪ್ರಯಾಣ ಉಚಿತ ಅಂತ ಘೋಷಿಸಿತು. ಚೆಕ್ಕಿನ ಬೆಲೆ ಅಷ್ಟಕ್ಕೇ ಹುಟ್ಟಿತು. ಮರುದಿನ, ಮೇ 4ರಂದು ಸೋನಿಯಾ ಗಾಂಧಿ ವಲಸಿಗರ ರೈಲು ಟಿಕೆಟ್ ಹಣವನ್ನು ಪ್ರದೇಶ ಕಾಂಗ್ರೆಸ್ ಸಮಿತಿಗಳು ಕೊಡುತ್ತವೆ ಅಂದರು.

ಎರಡನೇ ಗುಂಪಿನವರಿಗೆ ಮೇ 3ರಿಂದ ರೈಲು ಶುರುವಾದವು. ಚಿಕ್ಕಬಾಣಾವರದಿಂದ ಭುವನೇಶ್ವರಕ್ಕೆ, ಮಾಲೂರಿನಿಂದ ಬಿಹಾರದ ದಾನಾಪುರಕ್ಕೆ. ಟಿಕೆಟ್ ಸಾವಿರ ರೂಪಾಯಿ ಆಸುಪಾಸು. ನಲವತ್ತು ದಿನ ಕೂಲಿ ಇಲ್ಲದವನು ಅದನ್ನು ಎಲ್ಲಿಂದ ತರಬೇಕು? ಸುದ್ದಿ ಹಬ್ಬಿ, ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದ ಹತ್ತಿರ ಜನ ಜಮಾಯಿಸಿದರು. ಅಲ್ಲಿ ಪೊಲೀಸರ ಜೊತೆ ಜಟಾಪಟಿಯೂ ಆಯಿತು. ಅಷ್ಟರಲ್ಲಿ ಮೇ 5ರ ಸಭೆ, ಅದರ ಹಿಂದೆಯೇ ಪತ್ರ.

ಸರ್ಕಾರದ ಸಮರ್ಥನೆ ಹೀಗಿತ್ತು: ಕಟ್ಟಡ ಕೆಲಸ, ಕೈಗಾರಿಕೆ ಮತ್ತೆ ಶುರುವಾಗುತ್ತಿದೆ. ಕೆಲಸ ಇದೆ, ಕೂಲಿ ಸಿಗುತ್ತದೆ. ಹಾಗಿರುವಾಗ ಅನಗತ್ಯ ಪ್ರಯಾಣ ಬೇಡ. ಬಿಲ್ಡರ್‌ಗಳ ಭಯವೂ ಸುಳ್ಳಲ್ಲ. ಹೋದವರು ಮಳೆಗಾಲ ಮುಗಿಯುವ ತನಕ ಬರಲ್ಲ ಅಂತ ಅವರಿಗೆ ಗೊತ್ತಿತ್ತು. ರಾಜ್ಯದ ಆದಾಯಕ್ಕೂ ಆ ಕೆಲಸ ಶುರುವಾಗುವುದು ಬೇಕಿತ್ತು. ಆದರೆ ಕೆಲಸಗಾರ ಉಳಿಯಬೇಕು ಅಂದರೆ ಬಾಕಿ ಕೂಲಿ ಕೊಡಿಸಬಹುದಿತ್ತು, ಶೆಡ್ಡಿಗೆ ಎರಡು ತಿಂಗಳ ದಿನಸಿ ತಲುಪಿಸಬಹುದಿತ್ತು, ಕಾರ್ಡ್ ಇಲ್ಲದವನಿಗೂ ಮಂಡಳಿಯಿಂದ 5,000 ಕೊಡಬಹುದಿತ್ತು. ಇವುಗಳಲ್ಲಿ ಯಾವುದಕ್ಕಿಂತಲೂ ರೈಲು ನಿಲ್ಲಿಸುವುದು ಅಗ್ಗ. ಅಗ್ಗದ್ದನ್ನೇ ಆರಿಸಿಕೊಂಡರು.

ಸರ್ಕಾರದ ಪರವಾಗಿ ಹೇಳಬೇಕಾದ್ದೂ ಒಂದಿದೆ. ಬಸ್ಸು ರಾಜ್ಯದ ಕೈಯಲ್ಲೇ ಇತ್ತು. ಮುಖ್ಯಮಂತ್ರಿ ಫೋನ್ ಎತ್ತಿದರೆ ಬಸ್ ಹೊರಡುತ್ತದೆ. ರೈಲಿಗೆ ರೈಲ್ವೆ ಒಪ್ಪಬೇಕು, ಆಗಿನ ನಿಯಮದಲ್ಲಿ ಇಳಿಯುವ ರಾಜ್ಯವೂ ಒಪ್ಪಬೇಕು. ಹಾಗಾಗಿ ಬಸ್ ಬೇಗ, ರೈಲು ತಡ ಅನ್ನುವುದಕ್ಕೆ ಆಡಳಿತದ ಕಾರಣವೂ ಇದೆ. ತಡವಾಗಿದ್ದರೆ ಆ ಮಾತು ಒಪ್ಪಬಹುದಿತ್ತು. ಬಂದಿದ್ದ ರೈಲನ್ನೇ ಬೇಡ ಅಂದದ್ದಕ್ಕೆ ಆ ಕಾರಣ ಸಾಲದು. ಯಾದಗಿರಿಯ ಗಾರೆ ಕೆಲಸದವಳಿಗೆ ಅಲ್ಲಿಯ ಶಾಸಕರು ಬೇಕಾದಾಗ ಬಾಯಿ ಮಾಡುತ್ತಾರೆ, ಯಾಕೆಂದರೆ ಅವಳ ವೋಟು ಅಲ್ಲಿದೆ. ಬಿಹಾರದ ದರ್ಭಂಗಾದವನ ವೋಟು ದರ್ಭಂಗಾದಲ್ಲಿ. ಬೆಂಗಳೂರಿನಲ್ಲಿ ಅವನ ಪರವಾಗಿ ಮಾತಾಡಿದರೆ ಯಾವ ಶಾಸಕನಿಗೂ ಒಂದು ವೋಟು ಹುಟ್ಟುವುದಿಲ್ಲ.

ಅವನ ಪರವಾಗಿ ಕೂಗಿದವರು ಕಾರ್ಮಿಕ ಸಂಘಟನೆಗಳು, ವಕೀಲರು, ಪತ್ರಕರ್ತರು. ದೇಶವೆಲ್ಲ ಬೈದ ಮೇಲೆ ಮೇ 7ರಂದು ತೀರ್ಮಾನ ತಿರುಗಿತು. ಟಿಕೆಟ್ ವಿಷಯ ಹೈಕೋರ್ಟ್‌ಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ, ಟಿಕೆಟ್‌ಗೆ ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರಿಗೂ ಊರಿಗೆ ಹೋಗುವ ಅವಕಾಶ ತಪ್ಪಬಾರದು ಅನ್ನುವ ಅರ್ಥದ ಮಾತು ಹೇಳಿತು. ಆಮೇಲೆ ರಾಜ್ಯ ಸರ್ಕಾರ ಮೇ 31ರವರೆಗಿನ ಪ್ರಯಾಣದ ಖರ್ಚನ್ನು ತಾನೇ ಹೊರುವುದಾಗಿ ಒಪ್ಪಿಕೊಂಡಿತು. ಮೇ ಕೊನೆಯ ವಾರ ಅರಮನೆ ಮೈದಾನದಲ್ಲಿ ಸಾವಿರಾರು ಜನ ರೈಲಿಗಾಗಿ ಬಂದು ನಿಂತದ್ದನ್ನು ನೋಡಿದರೆ, ಇಷ್ಟೊಂದು ಜನ ಈ ಊರಲ್ಲಿ ಇದ್ದರು ಅಂತ ಸರ್ಕಾರಕ್ಕೆ ಗೊತ್ತಾದದ್ದೇ ಆಗ ಅನ್ನಿಸುತ್ತಿತ್ತು.

ಇದೇ ತರ್ಕ ಇನ್ನೊಂದು ಕಡೆಯೂ ಕೆಲಸ ಮಾಡಿತು. ಮೇ 22ಕ್ಕೆ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಅಂತ ಅಧಿಸೂಚನೆ ಬಂತು. ಹೈಕೋರ್ಟ್‌ನಲ್ಲಿ ಪ್ರಶ್ನೆ ಮಾಡಿದ ಮೇಲೆ ಜೂನ್ 11ಕ್ಕೆ ಅದನ್ನೂ ವಾಪಸ್ ತೆಗೆದುಕೊಂಡರು.

ಒಂದು ವರ್ಷದ ಮೇಲೆ, ಅದೇ ಲೆಕ್ಕ ಮತ್ತೆ

ಎರಡನೇ ಅಲೆ ಬಂತು. 2021ರ ಮೇ 19ರಂದು ಯಡಿಯೂರಪ್ಪನವರೇ 1,250 ಕೋಟಿ ರೂಪಾಯಿಯ ಪ್ಯಾಕೇಜ್ ಓದಿದರು. ಈ ಎರಡು ಪ್ಯಾಕೇಜ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ತುಂಬ ಉಪಯೋಗದ ಕೆಲಸ.

ಆಟೋ, ಟ್ಯಾಕ್ಸಿ ಚಾಲಕರು 2020ರ ಘೋಷಣೆಯಲ್ಲಿ 7.75 ಲಕ್ಷ. 2021ರಲ್ಲಿ ಮ್ಯಾಕ್ಸಿಕ್ಯಾಬ್‌ನವರನ್ನೂ ಸೇರಿಸಿ 2.10 ಲಕ್ಷ, ತಲಾ 3,000. ಒಂದೇ ವರ್ಷದಲ್ಲಿ ಐದೂವರೆ ಲಕ್ಷ ಚಾಲಕರು ಎಲ್ಲಿಗೆ ಹೋದರು? ಎಲ್ಲಿಗೂ ಹೋಗಿಲ್ಲ. ಮೊದಲನೆಯದು ಘೋಷಣೆಗೆ ಹಿಡಿದ ದೊಡ್ಡ ಲೆಕ್ಕ, ಎರಡನೆಯದು ಅರ್ಜಿ ದಾಟಿ ಬರಬಹುದಾದವರ ಲೆಕ್ಕ ಅಂತ ನಾನು ಓದಿಕೊಳ್ಳುತ್ತೇನೆ.

ಅಸಂಘಟಿತ ಕಾರ್ಮಿಕರ ಸಾಲು ಇನ್ನೂ ಚೆನ್ನಾಗಿ ಕಥೆ ಹೇಳುತ್ತದೆ. ಹಿಂದಿನ ವರ್ಷ ಕ್ಷೌರಿಕರು ಮತ್ತು ಅಗಸರೇ 2.90 ಲಕ್ಷ ಅಂದಿದ್ದರು. ಈ ಸಲ ಕ್ಷೌರಿಕರು, ಅಗಸರು, ಟೈಲರ್, ಹಮಾಲಿ, ಚಿಂದಿ ಆಯುವವರು, ಕುಂಬಾರರು, ಅಕ್ಕಸಾಲಿಗರು, ಮೆಕ್ಯಾನಿಕ್, ಕಮ್ಮಾರರು, ಮನೆಕೆಲಸದವರು, ಚಮ್ಮಾರರು, ಎಲ್ಲ ಸೇರಿ ಸುಮಾರು 3.04 ಲಕ್ಷ. ತಲಾ 2,000. ಬೆಂಗಳೂರು ಒಂದರಲ್ಲೇ ಮನೆಕೆಲಸಕ್ಕೆ ಹೋಗುವ ಹೆಂಗಸರು ಎಷ್ಟಿರಬಹುದು ಅಂತ ಬೆಳಗ್ಗೆ ಏಳಕ್ಕೆ ಯಾವುದಾದರೂ ಅಪಾರ್ಟ್‌ಮೆಂಟ್ ಗೇಟಿನ ಮುಂದೆ ನಿಂತು ನೋಡಿದರೆ ಗೊತ್ತಾಗುತ್ತದೆ ಅಲ್ವಾ.

ಕಸುಬುಗಳ ಪಟ್ಟಿ ಉದ್ದವಾಯಿತು, ತಲಾ ಸಿಗುವ ದುಡ್ಡು ಕಮ್ಮಿಯಾಯಿತು. ಹಿಂದಿನ ವರ್ಷ ‘ನಾವೇನು ಮಾಡಿದ್ವಿ’ ಅಂದವರಲ್ಲಿ ಕೆಲವರು ಒಳಗೆ ಬಂದರು. ಬೀದಿ ವ್ಯಾಪಾರಿಗಳು 2.20 ಲಕ್ಷ, ಅವರಿಗೂ 2,000. ಕೇಂದ್ರದ ಸಾಲ ಯೋಜನೆಗೆ ಅಂತ ಅಷ್ಟರಲ್ಲಿ ಅವರ ಪಟ್ಟಿ ತಯಾರಾಗಿತ್ತು, ಹಾಗಾಗಿ ಅವರು ಸುಲಭವಾಗಿ ಸಿಕ್ಕರು. ಕಟ್ಟಡ ಕಾರ್ಮಿಕರಿಗೆ ಮತ್ತೆ ಮಂಡಳಿಯ ದುಡ್ಡಿನಿಂದ 3,000. ಜೂನ್ 3ಕ್ಕೆ ಇನ್ನೂ 500 ಕೋಟಿಯ ಘೋಷಣೆ ಬಂತು. ಪವರ್‌ಲೂಮ್ ಕೆಲಸಗಾರರು, ಸಿನಿಮಾ-ಟಿವಿ ಕೆಲಸಗಾರರು, ಅನುದಾನ ಇಲ್ಲದ ಶಾಲೆಗಳ ಶಿಕ್ಷಕರು, ಅರ್ಚಕರು, ಇಮಾಮರು ಅದರಲ್ಲಿದ್ದರು.

ಎರಡು ವರ್ಷವೂ ಬೇರೆ ರಾಜ್ಯದ ಕಾರ್ಮಿಕ ಅನ್ನುವ ಹೆಸರಲ್ಲಿ ರಾಜ್ಯದ ಪ್ಯಾಕೇಜ್‌ನೊಳಗೆ ಒಂದು ಸಾಲೂ ಇರಲಿಲ್ಲ. ರೇಷನ್ ಕಾರ್ಡ್ ಇಲ್ಲದ ವಲಸಿಗರಿಗೆ ಎರಡು ತಿಂಗಳು ತಲಾ 5 ಕೆಜಿ ಧಾನ್ಯ ಅಂತ ಕೇಂದ್ರ 2020ರ ಮೇ 14ಕ್ಕೆ ಹೇಳಿತು. ಅಷ್ಟರಲ್ಲಿ ಎಷ್ಟೋ ಜನ ಹೆದ್ದಾರಿ ಹಿಡಿದು ನಡೆದುಬಿಟ್ಟಿದ್ದರು.

ಬೇರೆ ದಾರಿ ಇತ್ತಾ?

ಇತ್ತು ಅನ್ನುವುದು ನನ್ನ ವಾದ. ಕಸುಬು ಕಸುಬಿಗೂ ಅರ್ಜಿ ಹಾಕಿಸುವ ಬದಲು ಬಿಪಿಎಲ್ ರೇಷನ್ ಕಾರ್ಡನ್ನೇ ಹಿಡಿದು ಪ್ರತಿ ಮನೆಗೂ ದುಡ್ಡು ಹಾಕಬಹುದಿತ್ತು. ಬಿಪಿಎಲ್ ಕುಟುಂಬಕ್ಕೆ 10,000 ಕೊಡಿ ಅಂತ ಸಿದ್ದರಾಮಯ್ಯನವರೂ ಕೇಳಿದ್ದರು. ರಾಜ್ಯದಲ್ಲಿ ಅಂಥ ಕಾರ್ಡ್‌ಗಳು 1 ಕೋಟಿಗೂ ಜಾಸ್ತಿ. ತಲಾ 5,000 ಅಂದರೂ 5,000 ಕೋಟಿ ದಾಟುತ್ತದೆ. ಪ್ಯಾಕೇಜ್‌ನ ಮೂರು ಪಟ್ಟು. ಆದಾಯವೇ ನಿಂತಿದ್ದ ಆ ತಿಂಗಳು ಇದು ಚಿಕ್ಕ ಮಾತಲ್ಲ. ಆದರೆ ಮೇ 17ಕ್ಕೆ ಕೇಂದ್ರ ರಾಜ್ಯಗಳ ಸಾಲದ ಮಿತಿಯನ್ನು ಆಯಾ ರಾಜ್ಯದ ಒಟ್ಟು ಉತ್ಪನ್ನದ ಶೇ. 3ರಿಂದ 5ಕ್ಕೆ ಏರಿಸಿತು, ಷರತ್ತುಗಳನ್ನು ಹಾಕಿ. ಆ ಸಾಲಕ್ಕೆ ದಾರಿ ಮಾಡಿಕೊಳ್ಳಲು ಕರ್ನಾಟಕ ಅದೇ ಸೆಪ್ಟೆಂಬರ್‌ನಲ್ಲಿ ತನ್ನ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ತಿದ್ದಿಕೊಂಡಿತು. ಸಾಲ ಹೇಗೂ ಮಾಡಿದ್ದಾಯಿತು. ಮೊದಲೇ ಮಾಡಿ ಮನೆಮನೆಗೆ ಹಾಕಿದ್ದರೆ ಆ ದುಡ್ಡು ವಾರದೊಳಗೆ ಕಿರಾಣಿ ಅಂಗಡಿಗೆ ಬರುತ್ತಿತ್ತು.

ಬಿಪಿಎಲ್ ಕಾರ್ಡ್‌ನಲ್ಲೂ ಸುಳ್ಳು ಕಾರ್ಡ್ ಇದೆ, ಕಾರಿದ್ದವರೂ ಇಟ್ಟುಕೊಂಡಿದ್ದಾರೆ ಅನ್ನುವ ಮಾತು ನಿಜ. ಆದರೆ ಜನ ಊಟಕ್ಕೆ ಪರದಾಡುವ ತಿಂಗಳಲ್ಲಿ ಯಾವ ತಪ್ಪು ಮಾಡುವುದು ವಾಸಿ? ಬೇಡದವನಿಗೆ ಐದು ಸಾವಿರ ಹೋಗುವುದೋ, ಬೇಕಾದವನು ಆರ್‌ಸಿಗಾಗಿ ಓನರ್ ಮನೆ ಬಾಗಿಲು ಕಾಯುವುದೋ? ನನಗಂತೂ ಮೊದಲನೆಯದೇ ವಾಸಿ ಅನ್ನಿಸುತ್ತದೆ. ಪ್ಯಾಕೇಜ್ ಬರೆದವರಿಗೆ ಎರಡನೆಯದು ವಾಸಿ ಅನ್ನಿಸಿತು.

ರೇಷನ್ ಕಾರ್ಡ್ ಹಿಡಿದು ದುಡ್ಡು ಹಾಕುವುದು ಆಗದ ಮಾತು ಅನ್ನುವವರಿಗೆ 2023ರ ಆಗಸ್ಟ್ 30ರ ಮೈಸೂರು ಉತ್ತರ ಕೊಡುತ್ತದೆ. ಅಂದು ಶುರುವಾದ ಗೃಹಲಕ್ಷ್ಮಿಯಲ್ಲಿ ರೇಷನ್ ಕಾರ್ಡ್‌ನಲ್ಲಿ ಮನೆಯ ಯಜಮಾನಿ ಅಂತ ಇರುವ ಹೆಂಗಸಿನ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹೋಗುತ್ತದೆ. 1 ಕೋಟಿಗೂ ಜಾಸ್ತಿ ಮನೆಗಳಿಗೆ ಅಂತಲೇ ಲೆಕ್ಕ ಹಾಕಿ ಇಳಿದ ಯೋಜನೆ ಅದು. ಕಂತು ತಡವಾಯಿತು ಅಂತ ಜಗಳ ಇದೆ, ಬೊಕ್ಕಸ ತಾಳುತ್ತದಾ ಅನ್ನುವ ಚರ್ಚೆಯೂ ಇದೆ. ಆದರೆ ಕಾರ್ಡ್, ಖಾತೆ, ಆಧಾರ್ ಜೋಡಿಸಿ ಅಷ್ಟು ಮನೆಗಳನ್ನು ತಲುಪಬಹುದು ಅನ್ನುವುದು ಸಾಬೀತಾಗಿದೆ. ಆ ಮೂರೂ 2020ರಲ್ಲೂ ಇದ್ದವು.

ಮಾಲೂರಿನಲ್ಲಿ ರೈಲು ಹತ್ತಿದವನ ಸಮಸ್ಯೆ ಮಾತ್ರ ಇದರಿಂದಲೂ ಬಗೆಹರಿಯುವುದಿಲ್ಲ. ಅವನ ಕಾರ್ಡ್ ಊರಿನಲ್ಲಿದೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಅವನಿಗೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಸಿಗಬಹುದು, ರಾಜ್ಯ ಕೊಡುವ ನಗದು ಸಿಗುವುದಿಲ್ಲ. 2021ರ ಆಗಸ್ಟ್‌ನಲ್ಲಿ ಕೇಂದ್ರ ಇ-ಶ್ರಮ್ ಪೋರ್ಟಲ್ ಶುರು ಮಾಡಿದ ಮೇಲೆ ಅವನ ಹೆಸರೂ ಕಸುಬೂ ಒಂದು ಕಡೆ ದಾಖಲಾಗಲು ದಾರಿಯಾಯಿತು. ಇನ್ನೊಂದು ಲಾಕ್‌ಡೌನ್ ಬಂದರೆ ಆ ದಾಖಲೆ ಹಿಡಿದು ಅವನಿಗೆ ದುಡ್ಡು ಹಾಕಬೇಕಾದದ್ದು ದುಡಿಸಿಕೊಂಡ ರಾಜ್ಯವೋ, ವೋಟಿರುವ ರಾಜ್ಯವೋ? 2020ರ ಮೇ ತಿಂಗಳಲ್ಲಿ ಕೈಬಿಟ್ಟ ಪ್ರಶ್ನೆ ಇದೇ. ನನ್ನ ಕೇಳಿದರೆ ಸೆಸ್ ಯಾರ ಮಂಡಳಿಗೆ ಹೋಗಿದೆಯೋ ಆ ರಾಜ್ಯವೇ ಕೊಡಬೇಕು.